ಕಾಯಿ ಪರವಾಗಿಲ್ಲ, ಕೊಬ್ಬರಿ ಬೇಡ

ಯುರೋಪಿಗೆ ಹೋಗುವವರು ಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೋದರೆ ಅಲ್ಲಿನವರು ತಕರಾರು ಮಾಡುವುದಿಲ್ಲ. ತುಪ್ಪ ಇಟ್ಟುಕೊಂಡು ಹೋದರೆ ಕಿತ್ತು ಬಿಸಾಡುತ್ತಾರೆ. ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ, ಅಲ್ಲಿನ ಕಾಯಿದೆಯೇ ಹಾಗಿದೆ. ಹಾಲಿನಿಂದ ಆದದ್ದು, ಮಾಂಸದಿಂದ ಆದದ್ದು ಯಾವುದನ್ನೂ ಹೊರದೇಶದಿಂದ ತರುವಂತಿಲ್ಲ. ಹಸಿ ಹಣ್ಣಿಗೆ ಹುಳ-ರೋಗ ಇಲ್ಲವೆಂಬ ಸರ್ಟಿಫಿಕೇಟು ಬೇಕು. 2019ರ ಡಿಸೆಂಬರಿನಿಂದ ಈ ನಿಯಮ ಬಿಗಿಯಾಯಿತು. ಐದಕ್ಕೆ ಮಾತ್ರ ವಿನಾಯಿತಿ: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿ. ಡುರಿಯನ್ ಎಂಬುದು ಮೈತುಂಬ ಮುಳ್ಳಿರುವ, ವಾಸನೆಗೆ ಹೆಸರಾದ ಹಣ್ಣು. ಅದಕ್ಕೆ ಬಾಗಿಲು ತೆರೆದಿದೆ, ಹಲಸಿಗೆ ತೆರೆದಿಲ್ಲ. ಹಲಸಿನ ಮರದ ಬುಡದಲ್ಲೇ ಹುಟ್ಟಿ ಬೆಳೆದ ನಮ್ಮ ತೋವಿನಕೆರೆಯವರಿಗೆ ಇದು ಸಣ್ಣ ಅವಮಾನವೇನಲ್ಲ.

ತೆಂಗಿನಕಾಯಿಗಾದರೂ ಮರ್ಯಾದೆ ಸಿಕ್ಕಿತಲ್ಲ, ಕಲ್ಪತರು ನಾಡಿನ ಹೆಸರು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ವಿಮಾನದವರ ಪಟ್ಟಿ ನೋಡಿದೆ. ಅದರಲ್ಲಿ ಕೊಬ್ಬರಿ ನಿಷಿದ್ಧ. ಎಣ್ಣೆಯಂಶ ಹೆಚ್ಚಿರುವುದರಿಂದ ತನಗೆ ತಾನೇ ಹೊತ್ತಿಕೊಳ್ಳಬಹುದಾದ ಸರಕಂತೆ. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಬೆಲೆಗೆ ಬೆಂಕಿ ಬಿದ್ದದ್ದು ಗೊತ್ತಿತ್ತು. ಕೊಬ್ಬರಿಗೇ ಬೀಳುತ್ತದೆಂದು ಗೊತ್ತಿರಲಿಲ್ಲ.

ಈ ವಿದ್ಯೆಯೆಲ್ಲ ನನಗೆ ಬಂದದ್ದು ಅಣ್ಣನ ಮಗಳಿಂದ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ಕಾಲೇಜಿಗೂ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದೆ. ಇಲ್ಲಿನ ಕೆಲವರು ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಅಲ್ಲಿಗೆ ಹೋಗಿ ಓದಬಹುದು, ಅಲ್ಲಿನವರು ಇಲ್ಲಿಗೆ ಬರಬಹುದು. ಪಾಠದ ಫೀಸು ಅಲ್ಲಿ ಕೇಳುವುದಿಲ್ಲ. ವಿಮಾನ, ವೀಸಾ, ಊಟ, ಕೋಣೆಯ ಖರ್ಚು ನಮ್ಮದು. ಅರ್ಜಿ ಹಾಕಲೋ ಬೇಡವೋ ಎಂದು ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದಳು. ಎಡಗಡೆ ಲಾಭ, ಬಲಗಡೆ ನಷ್ಟ. ಅದನ್ನು ಪ್ರಿಂಟ್ ತೆಗೆಸಲು ಬಂದದ್ದು ನನ್ನ ಅಂಗಡಿಗೆ.

ನನ್ನದು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ. ಊರಿನ ಗುಟ್ಟೆಲ್ಲ ಮೊದಲು ತಿಳಿಯುವುದು ಕ್ಷೌರದಂಗಡಿಗೆ ಅನ್ನುತ್ತಾರೆ. ಅದು ಹಳೇ ಮಾತು. ಈಗ ಪಹಣಿ, ಜಾತಿ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ಸೊಸೈಟಿ ಸಾಲದ ನೋಟಿಸು, ಎಲ್ಲವೂ ಗಾಜಿನ ಮೇಲೆ ಮಕಾಡೆ ಮಲಗಿ, ಬೆಳಕು ತಿಂದು, ನನ್ನ ಕೈಗೇ ಬರುತ್ತವೆ. ಯಾರ ಮನೆಯಲ್ಲಿ ಭಾಗವಾಗುತ್ತಿದೆ, ಯಾರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ ಎಂಬುದು ಅವರು ಹೇಳಬೇಕಾಗಿಲ್ಲ. ಆದರೂ ಒಬ್ಬ ಹುಡುಗಿಯ ಮನಸ್ಸಿನ ತಕ್ಕಡಿಯೇ ಎ-4 ಹಾಳೆಯಲ್ಲಿ ಮುದ್ರಣವಾಗಿ ಬಂದದ್ದು ಅದೇ ಮೊದಲು.

ಲಾಭದ ಸಾಲಿನಲ್ಲಿ ಮೊದಲನೆಯದು ‘ಒಳ್ಳೆಯ ಲ್ಯಾಬ್’. ಆಮೇಲೆ ‘ಜರ್ಮನ್ ಭಾಷೆ’, ‘ರೆಸ್ಯೂಮೆಗೆ ತೂಕ’, ‘ಬೇರೆ ದೇಶದ ಗೆಳೆಯರು’, ‘ಒಬ್ಬಳೇ ಇರುವುದು ಕಲಿಯಬಹುದು’. ನಷ್ಟದ ಸಾಲಿನಲ್ಲಿ ‘ಖರ್ಚು’, ‘ಕ್ರೆಡಿಟ್ ಸಿಗದಿದ್ದರೆ?’, ‘ಚಳಿ’, ‘ಅಜ್ಜಿ’, ಕೊನೆಗೆ ಮತ್ತೆ ‘ಒಬ್ಬಳೇ ಇರಬೇಕು’. ಒಂದೇ ಮಾತು ಎರಡೂ ಕಡೆ ಬಂದಿದೆಯಲ್ಲವ್ವಾ, ತಪ್ಪಿರಬೇಕು, ತಿದ್ದಲಾ ಎಂದೆ. “ಬ್ಯಾಡ ಚಿಕ್ಕಪ್ಪ, ಅದು ಸರಿಯಾಗೇ ಇದೆ” ಅಂದಳು. ಪಟ್ಟಿಯಲ್ಲಿ ನನಗೆ ಹಿಡಿಸಿದ ಸಾಲು ಅದೊಂದೇ.

ಅವಳು ಒಂದು ಪ್ರತಿ ತೆಗೆದುಕೊಂಡು ಹೋದಳು. ಶಾಯಿ ಸ್ವಲ್ಪ ಹರಡಿದ್ದ ಇನ್ನೊಂದು ಪ್ರತಿ ಮೇಜಿನ ಮೇಲೇ ಉಳಿಯಿತು. ಅಂಗಡಿಗೆ ಬಂದವರೆಲ್ಲ ಓದಿದರು. ಓದಿ ಸುಮ್ಮನಿರುವ ಜನವೇ ನಮ್ಮವರು? ಹಗ್ಗಕ್ಕೆ ಕಟ್ಟಿದ ಪೆನ್ನಿತ್ತು. ಸಂಜೆಯ ಹೊತ್ತಿಗೆ ಲಾಭದ ಕೆಳಗೆ ಯಾರೋ ‘ವಿಮಾನ ಹತ್ತಬಹುದು’ ಎಂದು ಬರೆದಿದ್ದರು. ನಷ್ಟದ ಕೆಳಗೆ ಇನ್ಯಾರೋ ‘ಆಮೇಲೆ ಇಳಿಯಬೇಕು’ ಎಂದು ಬರೆದಿದ್ದರು. ಡೇರಿಗೆ ಹಾಲು ಹಾಕಿ ಬಂದವರೊಬ್ಬರು ‘ಅಲ್ಲಿ ಎಮ್ಮೆ ಇಲ್ಲ’ ಎಂದು ಎರಡು ಸಾಲಿನ ನಡುವೆ ಗೆರೆಯ ಮೇಲೇ ಬರೆದು ಹೋಗಿದ್ದರು. ಅದು ಲಾಭವೋ ನಷ್ಟವೋ ಇವತ್ತಿಗೂ ತೀರ್ಮಾನವಾಗಿಲ್ಲ.

ನಮ್ಮ ಕಾಲಕ್ಕೆ ತುಮಕೂರೇ ಪರದೇಶ. ಎಸ್ಸೆಸ್ಸೆಲ್ಸಿ ಆದ ಮೇಲೆ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಹುಚ್ಚೆಳ್ಳು ಚಟ್ನಿಪುಡಿ, ಒಂದು ಬೀಗ ಹಾಕಿಕೊಂಡು ಹಾಸ್ಟೆಲಿಗೆ ಹೋಗುವ ಹುಡುಗನನ್ನು ಬಸ್ಸಿನ ತನಕ ಬಿಡಲು ಅರ್ಧ ಕೇರಿಯೇ ಬರುತ್ತಿತ್ತು. ಬಡವರ ಮಕ್ಕಳಿಗೆ ಸಿದ್ಧಗಂಗೆ ಇತ್ತು. ಊಟ, ವಸತಿ, ಓದು ಮೂರೂ ಅಲ್ಲಿ ಪುಕ್ಕಟೆ. ಅಲ್ಲಿಗೆ ಹೋಗಿ ಬಂದ ಹುಡುಗನ ಕನ್ನಡವೇ ಬದಲಾಗುತ್ತಿತ್ತು. ‘ಓಯ್ತೀನಿ’ ಅನ್ನುತ್ತಿದ್ದವನು ‘ಹೋಗುತ್ತೇನೆ’ ಅನ್ನುವನು. ಅವರವ್ವ ಅದನ್ನು ಕೇಳಿ ಹಿಗ್ಗಿ, ಮಗ ಕೈತಪ್ಪಿದ ಎಂದು ಆಚೆ ಮನೆಯವರ ಹತ್ತಿರ ಅಳುವಳು. ಈಗ ಫ್ರಾಂಕ್‌ಫರ್ಟಿಗೆ ಹೋಗುವವರ ಮನೆಯಲ್ಲೂ ನಡೆಯುವುದು ಇದೇ. ಟ್ರಂಕು ಹೋಗಿ 23 ಕೆ.ಜಿ.ಯ ಸೂಟ್‌ಕೇಸ್ ಬಂದಿದೆ ಅಷ್ಟೇ.

ದೂರ ಹೋದವರು ನಮ್ಮ ಸೀಮೆಯಲ್ಲಿ ಇಲ್ಲದೆಯೂ ಇಲ್ಲ. ಮಧುಗಿರಿಯ ಮಗ್ಗುಲಲ್ಲೇ ಗೌರಿಬಿದನೂರು ತಾಲ್ಲೂಕು, ಅದರ ಹೊಸೂರಿನವರು ಎಚ್. ನರಸಿಂಹಯ್ಯ. 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದವರು. ಅದೇ ಕಾಲುಗಳು ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಮುಟ್ಟಿದವು. 1960ರಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಆಯಿತು. ಬಂದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಉಡುಪು ಮಾತ್ರ ಖಾದಿಯೇ, ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ. ನಮ್ಮ ಕ್ಷೇತ್ರದ ಶಾಸಕ ಜಿ. ಪರಮೇಶ್ವರ ಅವರೂ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋಗಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು. ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಪಟ್ಟಿಯ ಲಾಭದ ಕಡೆ ‘ಎಂಎಲ್‌ಎ ಆಗಬಹುದು’ ಎಂದು ಸೇರಿಸಿದ್ದಕ್ಕೆ ಇದೇ ಆಧಾರ.

ಆದರೆ ಇವರೆಲ್ಲ ಪೂರ್ತಿ ಓದಿಗೆ ಹೋದವರು. ನಮ್ಮವ್ವನಿಗೆ, ಅಂದರೆ ಆ ಹುಡುಗಿಯ ಅಜ್ಜಿಗೆ, ಅರ್ಥವಾಗದೆ ಇದ್ದದ್ದು ಈ ಅರ್ಧದ ಲೆಕ್ಕ. “ಓದಾಕೆ ಹೋದ್ರೆ ಓದು ಮುಗಿಸ್ಕೊಂಡು ಬರ್ಬೇಕು. ಕೆಲ್ಸಕ್ಕೆ ಹೋದ್ರೆ ದುಡ್ಡು ತರ್ಬೇಕು. ಇದೇನಪ್ಪ, ನಡುವೆ ಎದ್ದು ಹೋಗಿ, ವಾಪಸ್ ಬಂದು, ಅದೇ ಬೆಂಚಲ್ಲಿ ಕೂರೋದು? ಆರು ತಿಂಗ್ಳಲ್ಲಿ ರಾಗಿ ಬಿತ್ತಿ, ಕುಯ್ದು, ಕಣ ಮಾಡಿ, ಮುದ್ದೆ ಉಂಡು ಮುಗೀತದೆ. ಅಷ್ಟ್ರಲ್ಲಿ ಏನು ಕಲಿತಾಳು?” ಎಂದರು. ಮೇಲುನೋಟಕ್ಕೆ ಹಟದ ಮಾತು. ಆದರೆ ಆರು ತಿಂಗಳಲ್ಲಿ ಎಷ್ಟೆಲ್ಲ ಆಗಬಹುದೆಂದು ಅವರೇ ಹೇಳಿಬಿಟ್ಟಿದ್ದರಲ್ಲ! ನಾನು ತಿರುಗಿ ಮಾತಾಡಲಿಲ್ಲ.

ಯುರೋಪಿನವರಿಗೆ ಈ ಅರ್ಧದ ಲೆಕ್ಕ ಹೊಸದಲ್ಲ. 1987ರಲ್ಲಿ ಅವರು ಎರಾಸ್ಮಸ್ ಎಂಬ ಯೋಜನೆ ತೆಗೆದರು. ರೋಟರ್‌ಡ್ಯಾಮಿನಲ್ಲಿ ಹುಟ್ಟಿ ಪ್ಯಾರಿಸ್, ಕೇಂಬ್ರಿಜ್, ಬಾಸೆಲ್ ಎಂದು ಊರೂರು ತಿರುಗಿದ ವಿದ್ವಾಂಸನ ಹೆಸರು ಅದಕ್ಕೆ. ಮೊದಲ ವರ್ಷ 11 ದೇಶಗಳ 3,244 ಹುಡುಗರು ಹೋದರು. ಈಗ ಲಕ್ಷಗಟ್ಟಲೆ ಹೋಗುತ್ತಾರೆ. 2014ರಲ್ಲಿ ಯುರೋಪಿಯನ್ ಕಮಿಷನ್ ಇದರಿಂದ ಏನು ಪ್ರಯೋಜನವಾಯಿತೆಂದು ಅಧ್ಯಯನ ಮಾಡಿಸಿತು. ಹೋಗಿಬಂದವರಲ್ಲಿ ನಿರುದ್ಯೋಗ ಕಡಿಮೆ ಎಂಬುದು ಒಂದು ಫಲಿತಾಂಶ. ಇನ್ನೊಂದು, ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಬಾಳ ಸಂಗಾತಿ ಸಿಕ್ಕಿದ್ದು ಅಲ್ಲೇ. ಆ ಲೆಕ್ಕದಲ್ಲಿ 1987ರಿಂದ ಸುಮಾರು ಹತ್ತು ಲಕ್ಷ ಎರಾಸ್ಮಸ್ ಮಕ್ಕಳು ಹುಟ್ಟಿರಬಹುದು ಎಂದು ಕಮಿಷನ್ನಿನವರೇ ಅಂದಾಜು ಕೊಟ್ಟರು. ಸರ್ಕಾರಿ ಯೋಜನೆಯೊಂದು ಇಂಥ ಸಾಧನೆಯನ್ನು ಹೆಮ್ಮೆಯಿಂದ ಹೇಳಿಕೊಂಡದ್ದು ನಾನು ಬೇರೆಲ್ಲೂ ಓದಿಲ್ಲ. ಅತ್ತಿಗೆಗೆ ನಿರುದ್ಯೋಗದ ಭಾಗವನ್ನು ಮಾತ್ರ ಓದಿ ಹೇಳಿದೆ.

ಹಿಂದೆ ಆ ಕಡೆಯಿಂದ ಬಂದವರೂ ಇದ್ದರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಸೆಮಿಸ್ಟರ್ ಲೆಕ್ಕ ಇಟ್ಟುಕೊಂಡಿರಲಿಲ್ಲ. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದನ್ನೆಲ್ಲ ಹೇಳಿದರೆ ಅಣ್ಣ ಕೇಳಿದ್ದು ಒಂದೇ: “ಅವರ ಖರ್ಚು ಯಾರು ಕೊಟ್ರು?” ಮಿಷನ್ ಕೊಟ್ಟಿತು ಎಂದೆ. “ಇವಳಿಗೆ?” ಎಂದ.

ಅಣ್ಣನ ಆ ‘ಇವಳಿಗೆ?’ ಎಂಬುದೇ ಪಟ್ಟಿಯ ದೊಡ್ಡ ಸಾಲು. ಜರ್ಮನಿಯವರು ವೀಸಾ ಕೊಡುವ ಮುಂಚೆ ಬ್ಲಾಕ್ಡ್ ಅಕೌಂಟ್ ಎಂದು ಒಂದು ಖಾತೆ ತೆರೆಸುತ್ತಾರೆ. ತಿಂಗಳಿಗೆ 992 ಯೂರೋ, ವರ್ಷಕ್ಕಾದರೆ 11,904 ಯೂರೋ, ಮೊದಲೇ ಅದರಲ್ಲಿ ಹಾಕಿಡಬೇಕು. ಅಲ್ಲಿಗೆ ಹೋದ ಮೇಲೆ ನಮ್ಮ ದುಡ್ಡನ್ನೇ ನಮಗೆ ತಿಂಗಳಿಗಿಷ್ಟೆಂದು ಬಿಡುತ್ತಾರೆ. ಯೂರೋಗೆ ನೂರು ರೂಪಾಯಿಯ ಆಸುಪಾಸು ಇಟ್ಟುಕೊಂಡರೆ ಆರು ತಿಂಗಳಿಗೆ ಆರು ಲಕ್ಷ. ವಿಮಾನದ ಟಿಕೆಟ್ಟು, ವೀಸಾ ಫೀಸು, ಸ್ವೆಟರು, ಬೂಟು ಬೇರೆ. ಡೇರಿ ಕಾರ್ಯದರ್ಶಿ ಇದನ್ನು ಕೇಳಿ ಬಹಳ ಮೆಚ್ಚಿಕೊಂಡರು. “ಒಳ್ಳೇ ಪದ್ಧತಿ. ನಮ್ಮೂರಲ್ಲೂ ಮದುವೆ ಆಗೋ ಗಂಡುಗಳಿಗೆಲ್ಲ ಇಂಥದೊಂದು ಖಾತೆ ತೆರೆಸ್ಬೇಕು” ಎಂದರು.

ಅಣ್ಣ ನಗಲಿಲ್ಲ. ಅವನಿಗಿರುವುದು ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು, ಬದುವಿನ ಮೇಲೆ ಅಪ್ಪನ ಕಾಲದ ಹುಣಸೆ ಮರಗಳು. ಹುಣಸೆ ಒಂದು ವರ್ಷ ಕಚ್ಚಿದರೆ ಇನ್ನೊಂದು ವರ್ಷ ಕೈಕೊಡುತ್ತದೆ. ಕಚ್ಚಿದ ವರ್ಷ ಎಲ್ಲರ ಮರವೂ ಕಚ್ಚಿ ತುಮಕೂರಿನ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಒಂದು ಬೆಳಿಗ್ಗೆ ಅವನು ಅಂಗಡಿಗೆ ಬಂದು, ಮಾತಿಲ್ಲದೆ ಮಡಚಿದ ಪಹಣಿ ಕೊಟ್ಟು “ಎರಡು ಕಾಪಿ” ಅಂದ. ಕೆರೆ ಹಿಂದಲ ತುಂಡಿನದು. ನಾನು ಪ್ಲಗ್ ಕಿತ್ತು, ಕರೆಂಟಿಲ್ಲ ಎಂದೆ. ತಲೆ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅವನು ಫ್ಯಾನನ್ನು ನೋಡಿದ, ನನ್ನನ್ನು ನೋಡಿದ, ಪಹಣಿ ಜೇಬಿಗೆ ಹಾಕಿಕೊಂಡು ಹೋದ.

ಆರು ತಿಂಗಳ ಓದಿಗೆ ಅಡವಿಡುವಂಥದಲ್ಲ ಆ ಜಮೀನು ಎಂಬುದು ನನ್ನ ಅಭಿಪ್ರಾಯ. ಇದನ್ನು ನೇರವಾಗಿಯೇ ಹೇಳುತ್ತೇನೆ. ಹೊರದೇಶದ ಓದಿಗೆ ಸರ್ಕಾರದ ಹಣವೂ ಇದೆ, ಆದರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಂಥವು ಎಂ.ಎಸ್., ಪಿಎಚ್.ಡಿ. ಓದುವವರಿಗೆ, ಒಂದು ಸೆಮಿಸ್ಟರಿಗಲ್ಲ. ಹಾಗಾಗಿ ಕಾಲೇಜಿನವರಿಂದಲೋ ಆ ವಿಶ್ವವಿದ್ಯಾಲಯದಿಂದಲೋ ಒಂದಷ್ಟು ಸ್ಟೈಪೆಂಡ್ ಸಿಕ್ಕರೆ ಹೋಗುವುದು. ಇಲ್ಲದಿದ್ದರೆ ಪದವಿ ಮುಗಿಸಿ, ಸ್ಕಾಲರ್‌ಶಿಪ್ ಗಿಟ್ಟಿಸಿ ಪೂರ್ತಿ ಓದಿಗೇ ಹೋಗುವುದು. ಇದು ಅಣ್ಣ-ತಮ್ಮ ಕೂತು ಆಡಿದ ಮಾತಲ್ಲ. ಫ್ಯಾನಿನ ಕೆಳಗೇ ಆಗಿಹೋದ ತೀರ್ಮಾನ.

ಇನ್ನು ವಿಷಯದ ಬಗ್ಗೆ ಒಂದು ಸಂದೇಹ ಎದ್ದಿತು. ಅವಳು ಅಲ್ಲಿ ಓದಬೇಕೆಂದಿರುವುದು ಸೌರವಿದ್ಯುತ್ತು. ಪಾವಗಡದ ಕಡೆ ಬೀಗರಿರುವ ನಿವೃತ್ತ ಕಂಡಕ್ಟರೊಬ್ಬರು ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟಿದ್ದಾರೆ. “ಬಿಸಿಲು ಪಾವಗಡದಲ್ಲಿ, ಪಾಠ ಜರ್ಮನೀಲಾ? ಅಲ್ಲಿ ಡಿಸೆಂಬರಲ್ಲಿ ಸೂರ್ಯ ನಾಲ್ಕು ಗಂಟೆಗೇ ಡ್ಯೂಟಿ ಮುಗಿಸ್ತಾನಂತೆ” ಎಂದರು. ಹುಡುಗಿ ಬಿಡಲಿಲ್ಲ. “ಬಿಸಿಲಿಲ್ಲದೋರೇ ಒಂದು ಲಕ್ಷ ಮೆಗಾವಾಟಿನಷ್ಟು ಹಾಕ್ಕೊಂಡವ್ರೆ ಅಂದ್ರೆ, ಮೋಡ ಬಂದಾಗ ಏನು ಮಾಡ್ಬೇಕು ಅಂತ ಅವರಿಗೇ ತಾನೇ ಗೊತ್ತಿರೋದು ಮಾವಾ?” ಎಂದಳು. ಕಂಡಕ್ಟರು ಸೀಟಿ ಊದಿಲ್ಲ ಅಷ್ಟೇ, ರೈಟ್ ಅಂದುಬಿಟ್ಟರು.

ಅಲ್ಲಿಗೆ ಹೋಗಿ ಬಂದ ಪಕ್ಕದೂರಿನ ಹುಡುಗನೊಬ್ಬ ಸಿಕ್ಕಿದ. ಲ್ಯಾಬು ಹೇಗಿತ್ತು ಎಂದು ಕೇಳಿದರೆ “ಚೆನ್ನಾಗಿತ್ತು” ಎಂದು ಒಂದೇ ಮಾತಿನಲ್ಲಿ ಮುಗಿಸಿದವನು, ಖಾಲಿ ಬಾಟಲಿಯ ವಿಷಯಕ್ಕೆ ಬಂದಾಗ ಅರ್ಧ ಗಂಟೆ ನಿಲ್ಲಿಸಲಿಲ್ಲ. ನೀರು, ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ 25 ಸೆಂಟ್ ಠೇವಣಿ. ಖಾಲಿಯಾದ ಮೇಲೆ ಅಂಗಡಿಯ ಮಿಷನ್ನಿನ ಬಾಯಿಗೆ ಹಾಕಿದರೆ ಚೀಟಿ ಬರುತ್ತದೆ, ಚೀಟಿ ಕೊಟ್ಟರೆ ದುಡ್ಡು. ಇವನು ಗೆಳೆಯರ ಪಾರ್ಟಿ ಮುಗಿಯುವುದನ್ನೇ ಕಾಯ್ದು ಬಾಟಲಿ ಒಟ್ಟುಮಾಡಿ ವಾರದ ತರಕಾರಿ ಹೊಂದಿಸುತ್ತಿದ್ದನಂತೆ. ನಮ್ಮಲ್ಲಾದರೆ ಗುಜರಿಯವನು ಮನೆ ಬಾಗಿಲಿಗೆ ಬರುತ್ತಾನೆ, ಅಲ್ಲಿ ಎಂಜಿನಿಯರೇ ಗುಜರಿಯ ಬಾಗಿಲಿಗೆ ಹೋಗಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ ಎಂಬುದು ಗೊತ್ತಿಲ್ಲದೆ ಮೊದಲ ಭಾನುವಾರ ಬರೀ ಚಟ್ನಿಪುಡಿ ತಿಂದು ಕಳೆದನಂತೆ. ಅನ್ನ ಬಸಿಯುವುದು, ಬಟ್ಟೆ ಒಗೆಯುವುದು, ಜ್ವರ ಬಂದರೆ ಯಾರಿಗೂ ಹೇಳದೆ ಮಲಗುವುದು ಕಲಿತು ಬಂದಿದ್ದಾನೆ. ಈಗ ಅವರವ್ವ ಹುಷಾರಿಲ್ಲದಾಗ ಮುದ್ದೆ ತೊಳಸುವುದು ಅವನೇ. ಗಂಡು ಹುಡುಗನ ಮಟ್ಟಿಗೆ ಆ ಸೆಮಿಸ್ಟರಿನ ಲಾಭ ಅಲ್ಲಿಗೇ ವಸೂಲಾಯಿತೆಂದು ನನಗನ್ನಿಸಿತು. ಅವನು ವಾಪಸ್ ಬಂದು ಇಷ್ಟು ದಿನವಾದರೂ ಬಸ್ಸು ಹತ್ತು ನಿಮಿಷ ತಡವಾದರೆ ಗಡಿಯಾರ ನೋಡಿಕೊಳ್ಳುತ್ತಾನೆ. ಈ ನಷ್ಟ ಮಾತ್ರ ಮೆಲ್ಲಗೆ ವಾಸಿಯಾಗಬೇಕು.

ಅವನೇ ಹೇಳಿದ ಇನ್ನೊಂದು ಮಾತು ಮನೆಯವರಿಗೆ ಉಪಯೋಗಕ್ಕೆ ಬರುವಂಥದು. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ವ್ಯತ್ಯಾಸ. ನಮ್ಮವ್ವ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ, ಮೊಮ್ಮಗಳು ಎದ್ದಳೋ ಇಲ್ಲವೋ ಎಂದು ಫೋನು ಮಾಡಿದರೆ ಅಲ್ಲಿ ರಾತ್ರಿ ಹನ್ನೆರಡೂವರೆ. “ಎದ್ದಿದ್ದೀನಿ ಅಜ್ಜಿ” ಅನ್ನುತ್ತಾಳೆ, ಅದು ಸುಳ್ಳೂ ಆಗಿರುವುದಿಲ್ಲ.

ಕೊನೆಗೆ ಎಲ್ಲಕ್ಕಿಂತ ತೊಡಕಿನದು ಕ್ರೆಡಿಟ್ಟು. ಇದನ್ನು ಯಾರೂ ಪಟ್ಟಿಯಲ್ಲಿ ತಿದ್ದಲಿಲ್ಲ, ಯಾರಿಗೂ ಅರ್ಥವಾಗಲಿಲ್ಲ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಪಾಠ, ಮನೆಗೆಲಸ, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ. ನಮ್ಮಲ್ಲಿ ವಾರಕ್ಕೆ ಎಷ್ಟು ಗಂಟೆ ಪಾಠ ಎಂಬುದರ ಮೇಲೆ ಲೆಕ್ಕ. ಹಿಂದೆ ಊರೂರಿಗೂ ಸೇರು ಬೇರೆ ಬೇರೆ ಇದ್ದಾಗ ಸಂತೆಯಲ್ಲಿ ‘ನಿಮ್ಮ ಸೇರೋ ನಮ್ಮ ಸೇರೋ’ ಎಂದು ಮೊದಲು ಮಾತಾಡಿಕೊಂಡೇ ರಾಗಿ ಅಳೆಯುತ್ತಿದ್ದರಲ್ಲ, ಹಾಗೆ. ಮಾತಾಡಿಕೊಳ್ಳದೆ ಹೋದರೆ ಅಲ್ಲಿ ಅಳೆಸಿಕೊಂಡು ಬಂದದ್ದು ಇಲ್ಲಿ ಕಡಿಮೆ ಬೀಳುತ್ತದೆ. ಇನ್ನೊಂದು, ಅವರ ಚಳಿಗಾಲದ ಪಾಠ ಅಕ್ಟೋಬರಿನಲ್ಲಿ ಶುರುವಾಗಿ ಫೆಬ್ರವರಿಯ ತನಕ ನಡೆಯುತ್ತದೆ, ಆಮೇಲೆ ಪರೀಕ್ಷೆ. ನಮ್ಮ ಮುಂದಿನ ಸೆಮಿಸ್ಟರ್ ಅಷ್ಟೊತ್ತಿಗೆ ಶುರುವಾಗಿರುತ್ತದೆ. ಅಲ್ಲಿ ಪರೀಕ್ಷೆ ಬರೆಯುವಾಗ ಇಲ್ಲಿ ಹಾಜರಾತಿ ಹೋಗುತ್ತಿರುತ್ತದೆ. ಕೊನೆಯ ವರ್ಷದಲ್ಲಿ ಹೋದರಂತೂ ಕಂಪನಿಗಳು ಕ್ಯಾಂಪಸ್ಸಿಗೆ ಬರುವ ಕಾಲಕ್ಕೆ ಊರಲ್ಲೇ ಇರುವುದಿಲ್ಲ. ಮೂರನೇ ವರ್ಷವೇ ವಾಸಿ.

ಹುಡುಗಿ ಅರ್ಜಿ ಹಾಕಿದ್ದಾಳೆ. ಆಯ್ಕೆಯಾದರೆ ದೀಪಾವಳಿಗೂ ಇರುವುದಿಲ್ಲ, ಅವರೆಕಾಯಿ ಕಾಲಕ್ಕೂ ಇರುವುದಿಲ್ಲ, ಹುಣಸೆ ಬಡಿಯುವಾಗಲೂ ಇರುವುದಿಲ್ಲ. ಹಲಸು ಹಣ್ಣಾಗುವಷ್ಟರಲ್ಲಿ ಬಂದಿರುತ್ತಾಳೆ. ಸ್ಟೈಪೆಂಡ್ ಸಿಕ್ಕರೆ ಹೋಗಲಿ ಎಂದೇ ನನ್ನ ಮಾತು. ಪೂರ್ತಿ ಹೋದವರಿಗೆ ಹೋದ ಊರೇ ಊರಾಗುತ್ತದೆ. ಆರು ತಿಂಗಳಿಗೆ ಹೋದವರು ಎರಡೂ ಊರನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟರಲ್ಲಿ ವಾಪಸ್ ಬರುವ ದಿನ ಬಂದಿರುತ್ತದೆ. ಆ ವಯಸ್ಸಿಗೆ ಅಷ್ಟು ಸಾಕು.

ನಿಮ್ಮ ಮನೆಯ ಮಕ್ಕಳೂ ಇಂಥದೊಂದು ಪಟ್ಟಿ ಹಿಡಿದು ಬಂದರೆ ಅಜ್ಜಿಯರನ್ನು ಆಮೇಲೆ ಒಪ್ಪಿಸಬಹುದು, ಸ್ವೆಟರನ್ನೂ ಆಮೇಲೆ ಕೊಳ್ಳಬಹುದು. ಮೊದಲು ಲರ್ನಿಂಗ್ ಅಗ್ರಿಮೆಂಟ್ ಎಂಬ ಕಾಗದ ಮಾಡಿಸಿಕೊಳ್ಳಿ. ಅಲ್ಲಿ ಯಾವ ಯಾವ ವಿಷಯ ಓದುತ್ತಾರೆ, ಇಲ್ಲಿ ಅದು ಯಾವ ವಿಷಯಕ್ಕೆ ಲೆಕ್ಕವಾಗುತ್ತದೆ ಎಂಬುದು ಅದರಲ್ಲಿರಬೇಕು. ವಿದ್ಯಾರ್ಥಿ, ಇಲ್ಲಿನ ಕಾಲೇಜು, ಅಲ್ಲಿನ ವಿಶ್ವವಿದ್ಯಾಲಯ ಮೂವರ ಸಹಿಯೂ ಟಿಕೆಟ್ ಕೊಳ್ಳುವ ಮುಂಚೆಯೇ ಬೀಳಬೇಕು. ಬಾಯಿಮಾತಿನಲ್ಲಿ ‘ಆಗುತ್ತೆ ಹೋಗಮ್ಮ’ ಎಂದರೆ ನಂಬಬೇಡಿ. ಅದರ ಮೂರು ಕಾಪಿ ಇಟ್ಟುಕೊಳ್ಳಿ. ಆ ದಿನ ಕರೆಂಟು ಖಂಡಿತ ಇರುತ್ತದೆ.